ಕವಾಯತು ಕಲಿಸುವ ಉಸ್ತಾದ್ ಆಗುವುದು ಹೇಗೆ?



ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಜಿಲ್ಲಾ ಕೇಂದ್ರದ ಮೈದಾನಕ್ಕೆ ನೀವೆಲ್ಲ ಹೋಗಿರುತ್ತೀರಿ. ಪೊಲೀಸರು, ಎನ್‌ಸಿಸಿ ಮಕ್ಕಳು, ಸ್ಕೌಟಿನವರು ಸಾಲುಸಾಲಾಗಿ ಬರುತ್ತಾರೆ. ನಮ್ಮ ಕಣ್ಣೆಲ್ಲ ನಡೆಯುವವರ ಮೇಲೆ. ನೂರು ಕಾಲುಗಳು ಒಂದೇ ಕಾಲಿನ ಹಾಗೆ ನೆಲಕ್ಕೆ ಬೀಳುವುದನ್ನು ಕಂಡು ಚಪ್ಪಾಳೆ ತಟ್ಟುತ್ತೇವೆ. ಅದರ ಹಿಂದೆ ವಾರಗಟ್ಟಲೆ ಬಿಸಿಲಿನಲ್ಲಿ ನಿಂತು ಕೂಗಿ ಕಲಿಸಿದ ಒಬ್ಬ ಮನುಷ್ಯ ಇರುತ್ತಾನೆ. ಆ ದಿನ ಅವನು ಸಾಲಿನಲ್ಲಿ ಕಾಣಿಸುವುದಿಲ್ಲ. ನಮ್ಮ ಸೈನ್ಯದಲ್ಲಿ ಅವನನ್ನು ಉಸ್ತಾದ್ ಎಂದು ಕರೆಯುವುದು ರೂಢಿ. ಕನ್ನಡದಲ್ಲಿ ಕವಾಯತು ಶಿಕ್ಷಕ ಎನ್ನಬಹುದು.

ಈ ಕೆಲಸಕ್ಕೆ ದೊಡ್ಡ ಗಂಟಲು ಇದ್ದರೆ ಸಾಕು ಎಂದು ತಿಳಿದವರು ಬಹಳ ಮಂದಿ. ಹಾಗಲ್ಲ. ಅದಕ್ಕೆ ಅರ್ಹತೆ ಏನು, ಆಯ್ಕೆ ಹೇಗೆ, ತರಬೇತಿ ಎಂಥದು ಎಂಬುದನ್ನು ಇವತ್ತು ವಿವರಿಸುತ್ತೇನೆ. ಉದಾಹರಣೆಗೆ ಅಮೆರಿಕ ದೇಶವನ್ನು ತೆಗೆದುಕೊಂಡಿದ್ದೇನೆ. ಅಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಶಾಲೆಗಳಿವೆ. ನಿಯಮಗಳು ಅಚ್ಚಾಗಿ ಎಲ್ಲರಿಗೂ ಓದಲು ಸಿಗುತ್ತವೆ. ತಪ್ಪು ನಡೆದಾಗ ವಿಚಾರಣೆಯೂ ಊರಿಗೆಲ್ಲ ತಿಳಿಯುವಂತೆ ನಡೆದಿದೆ. ಕೊನೆಯಲ್ಲಿ ನಮ್ಮ ಹುಡುಗರ ದಾರಿ ಯಾವುದು ಎಂಬುದನ್ನೂ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಅಮೆರಿಕದ ಭೂಸೈನ್ಯದಲ್ಲಿ ಈ ಶಿಕ್ಷಕನಿಗೆ ಡ್ರಿಲ್ ಸಾರ್ಜೆಂಟ್ ಎಂದು ಹೆಸರು. ಅಲ್ಲಿ ಮರೀನ್ ಎಂಬ ಇನ್ನೊಂದು ಪಡೆ ಇದೆ. ಹಡಗಿನಿಂದ ಇಳಿದು ದಡದಲ್ಲಿ ಹೋರಾಡುವ ಪಡೆ ಅದು. ಅದರಲ್ಲಿ ಡ್ರಿಲ್ ಇನ್‌ಸ್ಟ್ರಕ್ಟರ್ ಎನ್ನುತ್ತಾರೆ. ಹೆಸರು ಎರಡಾದರೂ ಕೆಲಸ ಒಂದೇ. ಊರಿನಿಂದ ಬಂದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರನ್ನು ಕೆಲವೇ ವಾರಗಳಲ್ಲಿ ಸಿಪಾಯಿಗಳನ್ನಾಗಿ ಮಾಡಿ ಕೊಡುವುದು. ಮರೀನರಲ್ಲಿ ಈ ಅವಧಿ 13 ವಾರ.

ಕವಾಯತು ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಈಗಿನ ಯುದ್ಧದಲ್ಲಿ ಸಾಲಾಗಿ ನಡೆದುಕೊಂಡು ಹೋಗಿ ಯಾರೂ ಹೋರಾಡುವುದಿಲ್ಲವಲ್ಲ? ಹಿಂದೆ ಹಾಗೆಯೇ ಹೋರಾಡುತ್ತಿದ್ದರು. 1778ರ ಫೆಬ್ರವರಿಯಲ್ಲಿ, ಅಮೆರಿಕದವರು ಬ್ರಿಟಿಷರ ಮೇಲೆ ಸ್ವಾತಂತ್ರ್ಯ ಯುದ್ಧ ಹೂಡಿದ್ದ ಕಾಲದಲ್ಲಿ, ವ್ಯಾಲಿ ಫೋರ್ಜ್ ಎಂಬ ಶಿಬಿರಕ್ಕೆ ಫಾನ್ ಸ್ಟೂಬೆನ್ ಎಂಬ ಪ್ರಷ್ಯಾ ದೇಶದ ಅಧಿಕಾರಿ ಬಂದ. ಅಲ್ಲಿ ಸಿಪಾಯಿಗಳಿಗೆ ಸರಿಯಾದ ಬಟ್ಟೆ ಇಲ್ಲ, ಒಂದೊಂದು ದಳಕ್ಕೆ ಒಂದೊಂದು ಬಗೆಯ ಕವಾಯತು. ಸ್ಟೂಬೆನ್‌ಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೂ ಸುಮಾರು ನೂರು ಜನರನ್ನು ಆರಿಸಿ, ತಾನೇ ಮುಂದೆ ನಿಂತು ಕಲಿಸಿದ. ಕಲಿತ ಆ ನೂರು ಜನ ಉಳಿದ ದಳಗಳಿಗೆ ಹೋಗಿ ಕಲಿಸಿದರು. ಕವಾಯತು ಕಲಿಸುವುದು ಸಾರ್ಜೆಂಟರ ಕೆಲಸ, ಅಧಿಕಾರಿಗಳಿಗೆ ಅದು ಕೀಳು ಎಂಬ ಭಾವನೆ ಇದ್ದ ಕಾಲ ಅದು. ಸ್ಟೂಬೆನ್ ಆ ಭಾವನೆಯನ್ನು ಪಕ್ಕಕ್ಕಿಟ್ಟ. 1779ರಲ್ಲಿ ಅವನ ಪಾಠಗಳು ಪುಸ್ತಕವಾದವು.

ಈಗ ಕವಾಯತಿನ ಉಪಯೋಗ ಬೇರೆ. ಒಬ್ಬರ ಮಾತನ್ನು ಕಿವಿಗೊಟ್ಟು ಕೇಳುವುದು, ಕೇಳಿದ ಕ್ಷಣದಲ್ಲಿ ಮಾಡುವುದು, ಪಕ್ಕದವನ ಜೊತೆ ಹೆಜ್ಜೆ ಕೂಡಿಸುವುದು, ಸಣ್ಣ ವಿಷಯವನ್ನೂ ಸರಿಯಾಗಿ ಮಾಡುವುದು. ಇದೇ ಅದರ ಫಲ.

ಇನ್ನು ಅರ್ಹತೆಯ ವಿಷಯ. ಹೊರಗಿನಿಂದ ಅರ್ಜಿ ಹಾಕಿ ಯಾರೂ ನೇರವಾಗಿ ಡ್ರಿಲ್ ಸಾರ್ಜೆಂಟ್ ಆಗುವಂತಿಲ್ಲ. ಮೊದಲು ಸಿಪಾಯಿಯಾಗಿ ಸೇರಿ, ಕೆಲವು ವರ್ಷ ದುಡಿದು, ಸಾಮಾನ್ಯವಾಗಿ ಸಾರ್ಜೆಂಟ್ ದರ್ಜೆಗೆ ಏರಿರಬೇಕು. ಕೆಲವರು ತಾವಾಗಿ ಕೇಳಿಕೊಂಡು ಬರುತ್ತಾರೆ. ಕೆಲವರನ್ನು ದಾಖಲೆ ನೋಡಿ ಸೈನ್ಯವೇ ಆರಿಸುತ್ತದೆ. ವಿದ್ಯಾಭ್ಯಾಸ ಹೈಸ್ಕೂಲು ಅಥವಾ ಅದಕ್ಕೆ ಸಮಾನವಾದುದು ಇದ್ದರೆ ಸಾಕು. ಅವರ ಹೈಸ್ಕೂಲೆಂದರೆ ಹನ್ನೆರಡನೆಯ ತರಗತಿಯ ತನಕ. ನಾನು ಮೆಟ್ರಿಕ್ ಮಾತ್ರ ಓದಿದವನು. ದೊಡ್ಡ ಪದವಿ ಕೇಳದ ಒಂದು ದೊಡ್ಡ ಕೆಲಸ ಇದೆ ಎಂದು ಓದಿ ನನಗೆ ಸಂತೋಷವಾಯಿತು.

ಪದವಿ ಕೇಳುವುದಿಲ್ಲ, ಸರಿ. ಬೇರೆ ಏನೇನು ಕೇಳುತ್ತಾರೆ ನೋಡಿ. ದೇಹದ ಪರೀಕ್ಷೆಯಲ್ಲಿ ಗಟ್ಟಿಯಾಗಿ ತೇರ್ಗಡೆಯಾಗಬೇಕು. ಮಾತು ತೊದಲಬಾರದು. ಹಿಂದಿನ ವರ್ಷಗಳಲ್ಲಿ ಶಿಸ್ತು ಕ್ರಮಕ್ಕೆ ಒಳಗಾಗಿರಬಾರದು. ಮೇಲಧಿಕಾರಿಯ ಶಿಫಾರಸು ಬೇಕು. ಮನೋವೈದ್ಯರೋ ಮನಶ್ಶಾಸ್ತ್ರ ಬಲ್ಲವರೋ ಕೂರಿಸಿ ಮಾತಾಡಿಸಿ, ಈ ಮನುಷ್ಯ ಸಿಟ್ಟು ತಡೆಯಬಲ್ಲನೇ ಎಂದು ನೋಡಬೇಕು. ಮರೀನರಲ್ಲಿ ಸಂಸಾರದ ಸ್ಥಿತಿ ವಿಚಾರಿಸುತ್ತಾರೆ, ಸಾಲಸೋಲದ ಲೆಕ್ಕವನ್ನೂ ನೋಡುತ್ತಾರೆ.

ಸಾಲಕ್ಕೂ ಕವಾಯತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಕುತ್ತಿಗೆಯ ತನಕ ಸಾಲ ಇರುವವನ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ. ಸಣ್ಣ ಮಾತಿಗೆ ಸಿಡುಕುತ್ತಾನೆ. ಕೈಕೆಳಗಿನವರ ಹತ್ತಿರ ಕೈ ಚಾಚುವ ಆಸೆಯೂ ಹುಟ್ಟಬಹುದು. ಹೊಸಬರಿಂದ ಶಿಕ್ಷಕ ಸಾಲ ಪಡೆಯಕೂಡದು ಎಂಬ ನಿಯಮ ಅಲ್ಲಿದೆ. ಆ ನಿಯಮವನ್ನು ಮುರಿಯುವ ಹಂತಕ್ಕೆ ಬರಬಲ್ಲವನನ್ನು ಬಾಗಿಲಲ್ಲೇ ತಡೆಯುವುದು ಈ ವಿಚಾರಣೆಯ ಉದ್ದೇಶ.

ಹೀಗೆ ಆಯ್ಕೆಯಾದವರು ಶಾಲೆಗೆ ಬರುತ್ತಾರೆ. ಭೂಸೈನ್ಯದ ಶಾಲೆ ದಕ್ಷಿಣ ಕ್ಯಾರೊಲೈನಾ ರಾಜ್ಯದ ಫೋರ್ಟ್ ಜಾಕ್ಸನ್‌ನಲ್ಲಿದೆ. ತರಬೇತಿ ಸುಮಾರು ಒಂಬತ್ತು ವಾರ. ಮರೀನರಿಗೆ ದಕ್ಷಿಣ ಕ್ಯಾರೊಲೈನಾದ ಪ್ಯಾರಿಸ್ ಐಲೆಂಡ್‌ನಲ್ಲಿ ಒಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಒಂದು ಕೇಂದ್ರ. ಅಲ್ಲಿ ತರಬೇತಿ ಸುಮಾರು ಹನ್ನೊಂದು ವಾರ.

ಭೂಸೈನ್ಯಕ್ಕೆ ಈ ಶಾಲೆ ಬಂದದ್ದು ಹೇಗೆ ಎಂಬುದನ್ನು ತಿಳಿಯಬೇಕು. 1962ರ ಕೊನೆಯಲ್ಲಿ ಸ್ಟೀಫನ್ ಏಲ್ಸ್ ಎಂಬ ಉನ್ನತಾಧಿಕಾರಿ ಹೊಸಬರ ತರಬೇತಿಯ ಸಮೀಕ್ಷೆ ಮಾಡಿದರು. ಕಲಿಸುವವರು ದಣಿದಿದ್ದಾರೆ, ಅವರಿಗೆ ಉತ್ಸಾಹವಿಲ್ಲ, ಒಳ್ಳೆಯ ಸಾರ್ಜೆಂಟರು ಈ ಕೆಲಸಕ್ಕೆ ಬರುತ್ತಿಲ್ಲ ಎಂಬುದು ಹೊರಬಿತ್ತು. ಆಮೇಲೆ 1964ರಲ್ಲಿ ಪ್ರತ್ಯೇಕ ಶಾಲೆಗಳು ಆರಂಭವಾದವು. ಅಗಲ ಅಂಚಿನ, ನೆತ್ತಿಯನ್ನು ನಾಲ್ಕು ಕಡೆ ಒಳಕ್ಕೆ ಒತ್ತಿದ ಆ ಪ್ರಸಿದ್ಧ ಟೊಪ್ಪಿಯೂ ಭೂಸೈನ್ಯದ ಶಿಕ್ಷಕರಿಗೆ ಆ ವರ್ಷವೇ ಬಂತು. 1972ರಲ್ಲಿ ಹೆಂಗಸರೂ ಈ ಶಾಲೆಗೆ ಸೇರಿದರು. 2009ರಲ್ಲಿ ಟೆರೀಸಾ ಕಿಂಗ್ ಎಂಬ ಮಹಿಳೆ ಆ ಶಾಲೆಯ ಮುಖ್ಯಸ್ಥೆಯೇ ಆದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರು.

ಶಾಲೆಗೆ ಬಂದ ಸಾರ್ಜೆಂಟ್ ತನ್ನ ದಳದಲ್ಲಿ ಹತ್ತಾರು ಜನರಿಗೆ ಆಜ್ಞೆ ಕೊಟ್ಟವನು. ಯುದ್ಧ ಕಂಡವನೂ ಇರಬಹುದು. ಇಲ್ಲಿ ಅವನು ಮತ್ತೆ ಹೊಸಬ. ಬೆಳಗಾಗುವ ಮುಂಚೆ ಎದ್ದು ಓಡಬೇಕು, ಹಾಸಿಗೆ ಮಡಿಸಬೇಕು, ಬೂಟು ಒರೆಸಿ ತಪಾಸಣೆಗೆ ನಿಲ್ಲಬೇಕು. ಹೊಸಬರು ಮುಂದೆ ಏನೇನು ಮಾಡಬೇಕೋ ಅದನ್ನೆಲ್ಲ ಅವನು ಮೊದಲು ಮಾಡಿ ತೋರಿಸಬೇಕು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ಅಲ್ಲಿ ಜಾಗ ಇಲ್ಲ.

ಆಮೇಲೆ ಬರುವುದು ಕಲಿಸುವ ಪಾಠ. ಕವಾಯತಿನ ಅಧಿಕೃತ ಪುಸ್ತಕದ ಪಾಠಗಳನ್ನು ಬಾಯಿಪಾಠ ಮಾಡಬೇಕು. ಸಾವಧಾನ್ ನಿಲುವನ್ನೇ ತೆಗೆದುಕೊಳ್ಳಿ. ಹಿಮ್ಮಡಿ ಎರಡೂ ಕೂಡಿರಬೇಕು. ಪಾದಗಳ ನಡುವೆ 45 ಡಿಗ್ರಿ ಕೋನ ಇರಬೇಕು. ಮಂಡಿ ಸೆಟೆದಿರಬಾರದು. ಬೆರಳು ಮಡಿಚಿರಬೇಕು. ಮುಖ ನೇರ ಇರಬೇಕು. ಇದನ್ನು ಪುಸ್ತಕದಲ್ಲಿದ್ದ ಹಾಗೆ, ಒಂದು ಶಬ್ದ ಆಚೀಚೆ ಆಗದಂತೆ, ಎಲ್ಲರ ಮುಂದೆ ಒಪ್ಪಿಸಬೇಕು. ಕಲಿಸುವ ಕ್ರಮವೂ ಗೊತ್ತಾಗಿದೆ. ಮೊದಲು ಹೆಸರು ಹೇಳು, ಆಜ್ಞೆಯನ್ನು ವಿವರಿಸು, ಮಾಡಿ ತೋರಿಸು, ಬಿಡಿ ಬಿಡಿಯಾಗಿ ಎಣಿಸಿ ಮಾಡಿಸು, ಆಮೇಲೆ ಒಟ್ಟಿಗೆ ಮಾಡಿಸು, ತಪ್ಪನ್ನು ತಿದ್ದು. ನಮ್ಮ ಕಡೆ ಐಗಳ ಮಠದಲ್ಲಿ ಮಗ್ಗಿ ಕಲಿಸುತ್ತಿದ್ದ ಕ್ರಮಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಯಾಕೆ ಇಷ್ಟು ಕಟ್ಟುನಿಟ್ಟು? ಒಂದು ಪ್ಲಟೂನಿಗೆ ಒಬ್ಬರಿಗಿಂತ ಹೆಚ್ಚು ಶಿಕ್ಷಕರು ಇರುತ್ತಾರೆ. ಒಬ್ಬ ಒಂದು ಬಗೆ, ಇನ್ನೊಬ್ಬ ಇನ್ನೊಂದು ಬಗೆ ಹೇಳಿದರೆ ಹೊಸಬ ಯಾರ ಮಾತು ಕೇಳಬೇಕು? ಸ್ಟೂಬೆನ್ ಕಂಡ ತೊಂದರೆ ಮತ್ತೆ ಹುಟ್ಟಿಕೊಳ್ಳುತ್ತದೆ.

ಆಜ್ಞೆ ಕೊಡುವುದೂ ಒಂದು ವಿದ್ಯೆ. ಆಜ್ಞೆಗೆ ಎರಡು ಭಾಗ. ಮೊದಲ ಭಾಗ ಏನು ಮಾಡಬೇಕು ಎಂದು ಹೇಳುತ್ತದೆ. ಎರಡನೆಯದು ಈಗ ಮಾಡು ಎನ್ನುತ್ತದೆ. ನಮ್ಮಲ್ಲಿ ‘ದಾಹಿನೇ’ ಎಂದು ಎಳೆದು ‘ಮುಡ್’ ಎಂದು ಕಡಿಯುತ್ತಾರಲ್ಲ, ಅದೇ ರೀತಿ. ನಡುವೆ ಬಿಡುವ ಸಮಯ ಸರಿಯಾಗಿ ಇರಬೇಕು. ಕಡಿಮೆ ಬಿಟ್ಟರೆ ಹೊಸಬನಿಗೆ ಅರ್ಥವಾಗುವ ಮೊದಲೇ ಆಜ್ಞೆ ಬಿದ್ದಿರುತ್ತದೆ, ಸಾಲು ಒಡೆಯುತ್ತದೆ. ನಡಿಗೆಯ ಲೆಕ್ಕ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಕೂಗುವ ಶಿಕ್ಷಕನ ತಲೆಯಲ್ಲಿ ಆ ತಾಳ ಸದಾ ನಡೆಯುತ್ತಲೇ ಇರಬೇಕು.

ದನಿ ಗಂಟಲಿನಿಂದ ಬಂದರೆ ಎರಡೇ ದಿನದಲ್ಲಿ ಒಡೆದುಹೋಗುತ್ತದೆ. ಹೊಟ್ಟೆಯಿಂದ, ಉಸಿರು ತುಂಬಿಕೊಂಡು ಬರಬೇಕು. ಯಕ್ಷಗಾನದ ಬಣ್ಣದ ವೇಷದವರು ಬೆಳಗಿನ ಜಾವದಲ್ಲೂ ಅಬ್ಬರ ಕೊಡುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಉಪಾಯ ತಿಳಿಯದೆ ಗಂಟಲು ಕೆಡಿಸಿಕೊಂಡ ಶಿಕ್ಷಕರು ಅಲ್ಲೂ ಇದ್ದಾರೆ.

ಇಷ್ಟು ಕಲಿತರೆ ಕವಾಯತು ಕಲಿಸಲು ಬಂತು. ಆದರೆ ಅರ್ಹತೆ ಬಂತೇ? ಈ ಪ್ರಶ್ನೆಗೆ ಉತ್ತರ 1956ರಲ್ಲಿ ನಡೆದ ಒಂದು ದುರ್ಘಟನೆಯಲ್ಲಿದೆ.

ಆ ವರ್ಷ ಏಪ್ರಿಲ್ 8, ಭಾನುವಾರ. ಪ್ಯಾರಿಸ್ ಐಲೆಂಡ್‌ನಲ್ಲಿ 71ನೆಯ ಪ್ಲಟೂನಿನ ಶಿಕ್ಷಕ ಮ್ಯಾಥ್ಯೂ ಮೆಕಿಯನ್. ಎರಡನೆಯ ಮಹಾಯುದ್ಧ ಮತ್ತು ಕೊರಿಯಾ ಯುದ್ಧ ಎರಡನ್ನೂ ಕಂಡವನು. ಶಿಕ್ಷಕರ ಶಾಲೆಯಲ್ಲಿ ತೇರ್ಗಡೆಯಾಗಿ ಎರಡು ತಿಂಗಳಷ್ಟೇ ಆಗಿತ್ತು. ತನ್ನ ಹೊಸಬರಲ್ಲಿ ಶಿಸ್ತಿಲ್ಲ ಎಂದು ಅವನಿಗೆ ಅಸಮಾಧಾನ. ಆ ದಿನ ಸ್ವಲ್ಪ ಮದ್ಯವನ್ನೂ ಸೇವಿಸಿದ್ದ. ಕತ್ತಲಾದ ಮೇಲೆ ಎಪ್ಪತ್ತಕ್ಕೂ ಹೆಚ್ಚು ಹುಡುಗರನ್ನು ಕರೆದುಕೊಂಡು, ಗುಂಡು ಹಾರಿಸುವ ಮೈದಾನದ ಹಿಂದಿನ ರಿಬ್ಬನ್ ಕ್ರೀಕ್ ಎಂಬ ತೊರೆಗೆ ಇಳಿದ. ಅದು ಸಮುದ್ರದ ಉಬ್ಬರ ಇಳಿತಕ್ಕೆ ಸಿಗುವ ತೊರೆ. ಕುಂಬಳೆ ಶಿರಿಯದ ಅಳಿವೆಯ ಹತ್ತಿರ ಇರುವವರಿಗೆ ಅಂಥ ನೀರಿನ ಸ್ವಭಾವ ಗೊತ್ತು. ಮೇಲೆ ಶಾಂತ, ಕೆಳಗೆ ಕೆಸರು, ಎಲ್ಲಿ ಆಳ ಎಂದು ಹೇಳಲಾಗದು. ಈಜು ಬಾರದ ಹುಡುಗರೂ ಅವರಲ್ಲಿದ್ದರು. ಗಾಬರಿ ಎದ್ದಿತು. ಆರು ಮಂದಿ ಮುಳುಗಿ ಸತ್ತರು.

ಮೆಕಿಯನ್ ಕ್ರೂರಿಯಾಗಿರಲಿಲ್ಲ. ನೀರಿಗೆ ತಾನೇ ಮುಂದಾಗಿ ಇಳಿದಿದ್ದ, ಮುಳುಗುತ್ತಿದ್ದವರನ್ನು ಎತ್ತಲು ತಾನೂ ಹೆಣಗಿದ. ಸೈನಿಕ ನ್ಯಾಯಾಲಯ ಅವನನ್ನು ಕೊಲೆಗಡುಕ ಎನ್ನಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ, ಕೆಲಸದ ವೇಳೆ ಕುಡಿದ ಎಂದು ತೀರ್ಮಾನಿಸಿತು. ಕೊನೆಗೆ ಶಿಕ್ಷೆ ಮೂರು ತಿಂಗಳಿಗೆ ಇಳಿಯಿತು, ದರ್ಜೆ ಸಾಮಾನ್ಯ ಸಿಪಾಯಿಗೆ ಇಳಿಯಿತು.

ಬಂಧುಗಳೇ, ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಶೌರ್ಯ ಇದ್ದವನು, ಅನುಭವ ಇದ್ದವನು, ಶಾಲೆಯಲ್ಲಿ ಪಾಸಾದವನು. ಕಾಗದದ ಮೇಲೆ ಎಲ್ಲ ಅರ್ಹತೆಯೂ ಇತ್ತು. ಇಲ್ಲದೆ ಹೋದದ್ದು, ನನ್ನ ಕೋಪ ಎಲ್ಲಿ ನಿಲ್ಲಬೇಕು ಎಂಬ ಎಚ್ಚರ. ಆ ರಾತ್ರಿ ಅವನನ್ನು ತಡೆದು ಕೇಳುವವರೂ ಯಾರೂ ಇರಲಿಲ್ಲ.

ಆಮೇಲೆ ಮರೀನ್ ಪಡೆ ತರಬೇತಿಯ ವ್ಯವಸ್ಥೆಯನ್ನೇ ಬದಲಿಸಿತು. ಎರಡೂ ಕೇಂದ್ರಗಳಲ್ಲಿ ಹೊಸಬರ ತರಬೇತಿಯನ್ನು ಜನರಲ್ ದರ್ಜೆಯ ಅಧಿಕಾರಿಯ ಕೈಕೆಳಗೆ ತಂದರು. ಶಿಕ್ಷಕರ ಮೇಲೆ ಕಣ್ಣಿಡಲು ಅಧಿಕಾರಿಗಳನ್ನು ಹೆಚ್ಚಿಸಿದರು. ಆಯ್ಕೆ ಬಿಗಿಯಾಯಿತು. ಅದೇ 1956ರಲ್ಲಿ ಶಿಕ್ಷಕರಿಗೆ ವಿಶೇಷ ಟೊಪ್ಪಿಯನ್ನೂ ಕೊಟ್ಟರು. ಮರ್ಯಾದೆ ಹೆಚ್ಚಿಸಿದರು, ಕಾವಲನ್ನೂ ಹೆಚ್ಚಿಸಿದರು. ಬ್ಯಾಂಕಿನ ಭದ್ರಕೋಣೆಗೆ ಎರಡು ಬೀಗದ ಕೈ ಇರುತ್ತದೆ. ಒಂದು ಕ್ಯಾಷಿಯರ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇಬ್ಬರೂ ಸೇರದೆ ಬಾಗಿಲು ತೆರೆಯದು. ಕ್ಯಾಷಿಯರು ಕಳ್ಳ ಎಂಬ ಅರ್ಥದಲ್ಲಿ ಹಾಗೆ ಮಾಡುವುದಲ್ಲ. ಒಳಗಿರುವುದು ಇನ್ನೊಬ್ಬರ ದುಡ್ಡು ಎಂಬ ಕಾರಣಕ್ಕೆ. ಹೊಸಬನ ಪ್ರಾಣವೂ ಹಾಗೆಯೇ ಒಂದು ತಾಯಿ ಕೊಟ್ಟ ಠೇವಣಿ.

ಮರೀನ್ ಶಿಕ್ಷಕರು ಪ್ರತಿಜ್ಞೆ ಮಾಡುವುದೂ ಈ ಅರ್ಥದ್ದೇ. ತನ್ನ ವಶಕ್ಕೆ ಬಂದವರ ಹೊಣೆ ತನ್ನದು, ತನ್ನ ಶಕ್ತಿ ಇರುವಷ್ಟು ಅವರನ್ನು ತಯಾರು ಮಾಡುತ್ತೇನೆ ಎಂದು ಅದರ ಸಾರ. ನಿಯಮಗಳೂ ಸ್ಪಷ್ಟ. ಹೊಡೆಯುವಂತಿಲ್ಲ. ನಿಲುವು ತಿದ್ದಲು ಮುಟ್ಟಬೇಕಾದರೂ ಮೊದಲು ಹೇಳಿಯೇ ಮುಟ್ಟಬೇಕು. ಜಾತಿ, ಧರ್ಮ, ಬಣ್ಣ ಹಿಡಿದು ಹೀಯಾಳಿಸುವಂತಿಲ್ಲ. ಕೂಗಬಹುದು, ಓಡಿಸಬಹುದು, ದಂಡ ಹೊಡೆಸಬಹುದು, ಅದಕ್ಕೂ ಮಿತಿ ಇದೆ.

ಇಷ್ಟಾದರೂ ತಪ್ಪು ನಿಂತಿಲ್ಲ ಎಂಬುದನ್ನು ಮುಚ್ಚಿಡಬಾರದು. 1996ರಲ್ಲಿ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್ ಎಂಬಲ್ಲಿ, ಭೂಸೈನ್ಯದ ಶಿಕ್ಷಕರು ತಮ್ಮ ಕೈಕೆಳಗಿನ ಹುಡುಗಿಯರ ಮೇಲೆ ಅತ್ಯಾಚಾರ ಮಾಡಿದ ಸಂಗತಿ ಬಯಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 1997ರಲ್ಲಿ ಒಬ್ಬನಿಗೆ 25 ವರ್ಷ ಸೆರೆಯಾಯಿತು. 2016ರಲ್ಲಿ ಪ್ಯಾರಿಸ್ ಐಲೆಂಡ್‌ನಲ್ಲಿ ರಹೀಲ್ ಸಿದ್ದಿಕಿ ಎಂಬ ಇಪ್ಪತ್ತು ವರ್ಷದ ಹೊಸಬ ಮೂರನೆಯ ಮಹಡಿಯಿಂದ ಬಿದ್ದು ಸತ್ತ. ಶಿಕ್ಷಕ ಧರ್ಮದ ಹೆಸರು ಹಿಡಿದು ಹೊಸಬರನ್ನು ಹಿಂಸಿಸುತ್ತಿದ್ದ, ಹೊಡೆಯುತ್ತಿದ್ದ ಎಂಬುದು ವಿಚಾರಣೆಯಲ್ಲಿ ಹೊರಬಂತು. 2017ರಲ್ಲಿ ಅವನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಅವರೂ ಟೊಪ್ಪಿ ಧರಿಸುವ ಅರ್ಹತೆ ಪಡೆದವರೇ. ಆದ್ದರಿಂದ ಶಾಲೆಯ ಸರ್ಟಿಫಿಕೇಟು ಆರಂಭ ಮಾತ್ರ. ದಣಿದ ದಿನ, ಹುಡುಗ ನೂರನೆಯ ಬಾರಿ ತಪ್ಪಿದ ದಿನ, ಯಾರೂ ನೋಡದ ರಾತ್ರಿ, ಆ ಅರ್ಹತೆಯನ್ನು ಮತ್ತೆ ಮತ್ತೆ ಗಳಿಸಬೇಕು. ಈ ಕೆಲಸವನ್ನು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಮಾತ್ರ ಕೊಟ್ಟು ಆಮೇಲೆ ಬೇರೆ ಕೆಲಸಕ್ಕೆ ಕಳಿಸುವುದು ಒಳ್ಳೆಯದೇ. ಹೊಸಬರು ಏಳುವ ಮೊದಲು ಎದ್ದು ಅವರು ಮಲಗಿದ ಮೇಲೆ ಮಲಗುವ ಬಾಳನ್ನು ಅದಕ್ಕಿಂತ ಹೆಚ್ಚು ಕಾಲ ನಡೆಸುವುದು ಕಷ್ಟ.

ಈಗ ನಮ್ಮ ಕಡೆಗೆ ಬರೋಣ. ಭಾರತೀಯ ಸೈನ್ಯದಲ್ಲೂ ಉಸ್ತಾದ್ ಆಗುವವನು ಮೊದಲು ಸಿಪಾಯಿಯಾಗಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಸಿಪಾಯಿ ಭರ್ತಿ ಅಗ್ನಿವೀರರಾಗಿ ಆಗುತ್ತಿದೆ. ಸೇವೆ ನಾಲ್ಕು ವರ್ಷ. ಅದಾದ ಮೇಲೆ ನೂರಕ್ಕೆ 25ರ ತನಕ ಮಾತ್ರ ಖಾಯಂ ಆಗಬಹುದು ಎಂಬುದು ಯೋಜನೆಯ ಮೂಲ ನಿಯಮ. ಹವಾಲ್ದಾರ ದರ್ಜೆಗೆ ಏರಿ ಉಸ್ತಾದ್ ಆಗಬೇಕೆಂದು ಆಸೆಪಡುವ ಹುಡುಗ ಮೊದಲು ಹಾಗೆ ಉಳಿದುಕೊಳ್ಳಬೇಕು. ಇದನ್ನು ತಿಳಿದೇ ಹೆಜ್ಜೆ ಇಡುವುದು ಒಳ್ಳೆಯದು. ಸಾಮಾನ್ಯ ಕರ್ತವ್ಯದ ಹುದ್ದೆಗೆ ಹತ್ತನೆಯ ತರಗತಿಯಲ್ಲಿ ಒಟ್ಟು 45 ಶೇಕಡ, ಒಂದೊಂದು ವಿಷಯದಲ್ಲಿ 33 ಶೇಕಡ ಅಂಕ ಕೇಳುತ್ತಾರೆ. 2025ರಲ್ಲಿ ಭರ್ತಿಯ ಲಿಖಿತ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಇಟ್ಟರು, ಕನ್ನಡವೂ ಅವುಗಳಲ್ಲಿ ಒಂದು. ಗಡಿಯಾಚೆ ಕನ್ನಡ ಶಾಲೆಯಲ್ಲಿ ಓದುವ ನಮ್ಮ ಮಕ್ಕಳ ತಾಯಿತಂದೆಯರು ಇದನ್ನು ಗುರುತು ಹಾಕಿಕೊಳ್ಳಬೇಕು.

ಹುಡುಗಿಯರಿಗೂ ದಾರಿ ತೆರೆದಿದೆ. ಸೈನ್ಯದ ಪೊಲೀಸ್ ದಳಕ್ಕೆ ಸೇರಿದ ಮೊದಲ ತಂಡದ ಮಹಿಳೆಯರು 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕೇಂದ್ರದಿಂದಲೇ ತರಬೇತಿ ಮುಗಿಸಿ ಹೊರಬಂದರು. ನೀಲಗಿರಿಯ ಕೇಳುಗರಿಗೆ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟ್ ಕೇಂದ್ರ ಪರಿಚಿತವೇ. ಹೊಸಬರು ಸಿಪಾಯಿಗಳಾಗುವುದು ಅಂಥ ಕೇಂದ್ರಗಳಲ್ಲಿಯೇ.

ಶಾಲೆಯಲ್ಲಿರುವ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ಎನ್‌ಸಿಸಿ. 1948ರ ಕಾಯಿದೆಯಿಂದ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಎ, ಬಿ, ಸಿ ಎಂದು ಮೂರು ಸರ್ಟಿಫಿಕೇಟುಗಳಿವೆ. ಕವಾಯತು ಮೂರರಲ್ಲೂ ಪರೀಕ್ಷೆಯ ಭಾಗ. ಕಲಿಸಲು ಬರುವವರಲ್ಲಿ ಸೈನ್ಯದ ಹವಾಲ್ದಾರರೂ ಇರುತ್ತಾರೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮಲಯಾಳ, ಮೈದಾನದಲ್ಲಿ ಹಿಂದಿ ಆಜ್ಞೆ. ಮೂರು ನಾಲ್ಕು ಭಾಷೆ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಭಾರವಲ್ಲ. ಒಳ್ಳೆಯ ಕೆಡೆಟ್ಟನ್ನು ಸಾಲಿನ ಮುಂದೆ ನಿಲ್ಲಿಸಿ ಆಜ್ಞೆ ಕೊಡಲು ಹೇಳುತ್ತಾರೆ. ಉಸ್ತಾದ್ ಕೆಲಸದ ಮೊದಲ ಪಾಠ ಅದೇ.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಬಂದೂಕು ಹಿಡಿದು ಕಾವಲಿದ್ದವರು ನಿವೃತ್ತ ಹವಾಲ್ದಾರರು. ಸಂಜೆ ಬಂದೂಕನ್ನು ಒಳಗಿಡುವ ಮೊದಲು ಗೋಡೆಯ ಕಡೆ ತಿರುಗಿ, ತೋಟಾ ಇಲ್ಲವೆಂದು ಎರಡು ಸಲ ನೋಡುತ್ತಿದ್ದರು. “ತೋಟಾ ಆಗಲೇ ತೆಗೆದಾಯ್ತಲ್ಲ, ಮತ್ತೆ ಯಾಕೆ ನೋಡುತ್ತೀರಿ?” ಎಂದು ಕೇಳಿದೆ. “ಖಾಲಿ ಅಂತ ಗೊತ್ತಿದ್ದರೂ ನೋಡಬೇಕು ಸಾರ್, ನಮ್ಮ ಉಸ್ತಾದ್ ಕಲಿಸಿದ್ದು ಹಾಗೆ” ಎಂದರು. ಆ ಉಸ್ತಾದ್ ಕಲಿಸಿ ಮೂವತ್ತು ವರ್ಷ ಕಳೆದಿತ್ತು.

ನಿಮ್ಮ ಊರಿನ ಶಾಲೆಯಲ್ಲಿ ಎನ್‌ಸಿಸಿ ಇದೆಯೇ, ಇಲ್ಲವೇ ಹತ್ತಿರದ ಯಾವ ಶಾಲೆಯಲ್ಲಿ ಇದೆ ಎಂದು ಈ ವಾರ ಒಮ್ಮೆ ವಿಚಾರಿಸಿ. ಮಗನೋ ಮಗಳೋ ಆಸೆಪಟ್ಟರೆ ಸೇರಿಸಿ. ಮೈದಾನಕ್ಕೆ ಹೋಗಿ ಕಲಿಸುವವರು ಹೇಗೆ ಕಲಿಸುತ್ತಾರೆ ಎಂಬುದನ್ನೂ ನಿಂತು ನೋಡಿ ಬನ್ನಿ. ಅದು ಪೋಷಕರ ಹಕ್ಕು, ಒಳ್ಳೆಯ ಉಸ್ತಾದ್ ಅದಕ್ಕೆ ಬೇಸರಪಡುವುದಿಲ್ಲ.